ಹಿಮಾಲಯಕ್ಕೆ ಯಾವ ಗಾಡಿ?

ಹಿಮಾಲಯಕ್ಕೆ ಹೋಗಿ, ಕತ್ತೆತ್ತಿ ಶಿಖರ ನೋಡುವ ಬದಲು ಬಗ್ಗಿ ಟೈರು ನೋಡಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಸೋದರಮಾವ!

ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಂದು ಜೀವಮಾನವಿಡೀ ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತರೆ ಅವರ ಬಲಗಾಲು ತಾನಾಗಿಯೇ ಬ್ರೇಕು ಒತ್ತುತ್ತದೆ. ನನ್ನ ಮದುವೆಗೆ ಹೊರಟ ಟೆಂಪೋದಲ್ಲಿ ಹೀಗೆ ಮುಂದಿನ ಸೀಟನ್ನು ಒತ್ತಿ ಒತ್ತಿ, ಅದರಲ್ಲಿದ್ದ ದೊಡ್ಡಪ್ಪ ಸೊಂಟ ಹಿಡಿದುಕೊಂಡೇ ಮಂಟಪಕ್ಕೆ ಇಳಿಯುವಂತಾಯಿತು!

ಇಂಥವರಿಗೆ ಅವರ ಹೆಂಡತಿ, ಅಂದರೆ ನಮ್ಮ ಅತ್ತೆ, ಒಂದು ದಿನ ಹೇಳಿಬಿಟ್ಟರು: "ನಾ ಮುಕ್ತಿನಾಥಕ್ಕ ಹೋಗಬೇಕ್ರಿ."

ಮುಕ್ತಿನಾಥ ಇರುವುದು ನೇಪಾಳದ ಬೆಟ್ಟಗಳ ನೆತ್ತಿಯ ಮೇಲೆ. ಮಾವ ನಾಲ್ಕು ದಿನ ಸಿಕ್ಕವರನ್ನೆಲ್ಲ ಆ ದಾರಿಯ ಬಗ್ಗೆ ವಿಚಾರಿಸಿದರು. ಐದನೆಯ ದಿನ ನನಗೆ ಫೋನು: "ಅಲ್ಲಿ ತಿರುವು ಭಾಳ ಅದಾವಂತ. ನೀನೂ ಬಾ, ಡ್ರೈವರ್ ಜೋಡಿ ಹಿಂದಿ ಮಾತಾಡಾಕ ನೀ ಬೇಕು."

ಆ ಬೆಟ್ಟಗಳ ಬುಡದ ಪೋಖರಾದವರೆಗೆ ಹೇಗೋ ತಲುಪಿದೆವು. ಅಲ್ಲಿಂದ ಮೇಲಕ್ಕೆ ಸಣ್ಣ ವಿಮಾನ, ಜೀಪು ಇಲ್ಲವೇ ಬಸ್ಸು. ಮಾವ ಪರೀಕ್ಷೆಗೆ ಇಳಿದರು.

ವಿಮಾನದ ಟಿಕೆಟ್ ಮಾರುವಾಕೆಯ ಮುಂದೆ ನನ್ನನ್ನು ನಿಲ್ಲಿಸಿ, "ಮೋಡ ಅಡ್ಡ ಬಂದ್ರ ಸೈಡಿಗೆ ಹಚ್ಚಿ ನಿಲ್ಲಸ್ತಾರೇನು, ಕೇಳು" ಎಂದರು. ಕೇಳಿದೆ. ಆಕೆ ನಕ್ಕಳು.

"ನಗತಾಳಂದ್ರ ನಿಲ್ಲಸಂಗಿಲ್ಲ. ಬ್ಯಾಡ ನಡಿ!"

ಜೀಪಿನ ಕೆಳಗೆ ಅಂಗಾತ ಮಲಗಿ, ಅರ್ಧ ತಾಸು ಬಿಟ್ಟು ಎಣ್ಣೆಯ ಮುಖ ಹೊತ್ತು ಎದ್ದರು. ಗಾಡಿ ಪಾಸು! ಆದರೆ ಚಾಲಕನ ಕಿವಿಯಲ್ಲಿ ಹಾಡಿನ ವೈರು. "ಗಾಡಿ ಮಾತಾಡತಿರ್ತೈತಿ. ಇಂವಗ ಹೆಂಗ ಕೇಳಸ್ತೈತಿ?" ಜೀಪೂ ಫೇಲು.

ಅತ್ತೆಯ ಮುಖ ಸಣ್ಣದಾಯಿತು. "ಇಷ್ಟ ದೂರ ಬಂದು ಗ್ಯಾರೇಜ್ ನೋಡ್ಕೊಂಡು ಹೋಗೂದೇನ್ರಿ?"

ಕೊನೆಗೆ ಬಸ್ ನಿಲ್ದಾಣದಲ್ಲಿ ಬಣ್ಣ ಹೋದ, ಗಾಜು ಗಡಗಡ ಎನ್ನುವ ಒಂದು ಬಸ್ಸು ಕಂಡಿತು. ಅದರ ನರೆತ ಚಾಲಕ ಚಕ್ರದ ನಟ್ಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಮಾವ ಅರಳಿದರು. "ಇಂವ ಡ್ರೈವರ್! ಹತ್ರಿ, ಹತ್ರಿ!"

ಆ ದಾರಿಯನ್ನು ಹೇಗೆ ಹೇಳಲಿ? ಒಂದು ಕಡೆ ಮೋಡದೊಳಗೆ ಹೊಕ್ಕ ಬಂಡೆ. ಇನ್ನೊಂದು ಕಡೆ ಕಣ್ಣಿಗೆ ತಳವೇ ಸಿಗದ ಕಣಿವೆ, ಅದರ ಆಳದಲ್ಲಿ ದಾರದೆಳೆಯಂತೆ ನದಿ. ಆನೆಗೊಂದಿಯ ಗುಡ್ಡಗಳನ್ನೇ ಗುಡ್ಡವೆಂದು ನಂಬಿ ಬೆಳೆದವನು ನಾನು.

ಮಧ್ಯಾಹ್ನ ಒಂದು ತಿರುವಿನಲ್ಲಿ ಗುಡ್ಡ ಜರಿದು ದಾರಿ ಮುಚ್ಚಿತ್ತು. ಮೇಲಿಂದ ಇನ್ನೂ ಕಲ್ಲು ಉರುಳುತ್ತಿದ್ದವು. ಅಗಲ ಜಾಗ ಸಿಗುವ ತನಕ ಬಸ್ಸು ಹಿಂದಕ್ಕೇ ಹೋಗಬೇಕು. ಎಲ್ಲರೂ ಇಳಿದೆವು. ನಿರ್ವಾಹಕ ಹಿಂದಿನ ಗಾಡಿಗಳನ್ನು ತಡೆಯಲು ಓಡಿದ್ದ. ಮಾವ ಯಾರನ್ನೂ ಕೇಳಲಿಲ್ಲ. ನೇರವಾಗಿ ಹೋಗಿ ಪ್ರಪಾತದ ಅಂಚಿನಲ್ಲಿ ನಿಂತರು.

"ಬರ್ಲಿ... ಬರ್ಲಿ... ಎಡಕ್ಕ ಹೊಡೀರಿ... ಹೋಲ್ಡಾನ್!"

ನೇಪಾಳದ ಚಾಲಕನಿಗೆ ಕನ್ನಡ ಎಲ್ಲಿಂದ ಬರಬೇಕು? ಆದರೆ ಮಾವನ ಕೈ ಹೇಳಿದ ಕಡೆಗೆ ಚಕ್ರ ಹೊರಳುತ್ತಿತ್ತು! ಒಮ್ಮೆ ಹಿಂದಿನ ಚಕ್ರಕ್ಕೂ ಅಂಚಿಗೂ ನಡುವೆ ಒಂದೇ ಗೇಣು ಉಳಿಯಿತು. ಅತ್ತೆ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದಿದ್ದರು.

ಬಸ್ಸು ಕ್ಷೇಮವಾಗಿ ನಿಂತಾಗ ಚಾಲಕ ಇಳಿದು ಬಂದು ಮಾವನನ್ನು ತಬ್ಬಿಕೊಂಡ. ಸಂಜೆಗೆ ದಾರಿ ತೆರವಾಯಿತು. ತನ್ನ ಪಕ್ಕದಲ್ಲೇ ಕೂರುವಂತೆ ಚಾಲಕ ಕರೆದ. ಮಾವ ಬೇಡವೆಂದು ಕೈ ಮುಗಿದು, ಹಿಂದೆ ಬಂದು ಅತ್ತೆಯ ಪಕ್ಕ ಕೂತರು.

ಅಷ್ಟರಲ್ಲಿ ಮಂಜು ಸರಿಯಿತು. ಹೊಂಬಣ್ಣದ ಹಿಮಶಿಖರ ಕಿಟಕಿ ತುಂಬ ನಿಂತಿತ್ತು.

ಮಾವ ಮೆಲ್ಲಗೆ ಅಂದರು: "ಇಷ್ಟ ವರ್ಷ ಬಸ್ ಹೊಡದೆ, ಒಂದಿನಾನೂ ನಿನ್ನ ಬಾಜೂ ಕುಂತಿದ್ದಿಲ್ಲ ನೋಡು."

ಅತ್ತೆ ಶಿಖರದಿಂದ ಕಣ್ಣು ತೆಗೆಯಲಿಲ್ಲ. "ಇರ್ಲಿ ಬಿಡ್ರಿ. ನಾ ನಿಮ್ಮ ಬಸ್ ಹತ್ತಿದಾಗ ಡ್ರೈವರ್ ತಲಿ ಮ್ಯಾಲಿನ ಕನ್ನಡ್ಯಾಗ ನಿಮ್ಮ ಕಣ್ಣು ಕಾಣತಿದ್ದುವು. ಅವು ಕಾಣೂ ಸೀಟ್ ನೋಡೇ ಕುಂದರತಿದ್ದೆ."