ಎಲ್ಲರ ಕಣ್ಣಿಗೆ ಬಿದ್ದ ಬಯೂಮಿ

ಬಯೂಮಿ ಓಡಿಸುತ್ತಿದ್ದ ಸೈಕಲ್ಲಿಗೆ ದೀಪ ಇರಲಿಲ್ಲ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಬೇಕರಿಯವರು ಕೊಟ್ಟಾಗ ಒಂದು ಇತ್ತು. ಅದು ಉರಿಯಬೇಕಾದರೆ ಪೆಡಲು ಭಾರವಾಗುತ್ತದೆ ಎಂದು ಅವನೇ ಅದನ್ನು ಬಿಚ್ಚಿ ಮಾಳಿಗೆಯ ಪಾರಿವಾಳದ ಗೂಡಿನಲ್ಲಿ ಇಟ್ಟುಬಿಟ್ಟಿದ್ದ.

ತಲೆಯ ಮೇಲೆ ಕಡ್ಡಿ ಹೆಣೆದ ಆಳುದ್ದದ ತಡಿಕೆ, ತಡಿಕೆಯ ತುಂಬ ಬಿಸಿ ರೊಟ್ಟಿ, ಒಂದು ಕೈ ತಡಿಕೆಗೆ, ಇನ್ನೊಂದು ಕೈ ಹ್ಯಾಂಡಲಿಗೆ. ಮೀಸೆ ಚಿಗುರಿದಾಗಿನಿಂದ ಕೈರೋದ ಸಂದಿಗೊಂದಿಗಳಲ್ಲಿ ಅವನ ಸವಾರಿ ಹೀಗೆಯೇ ನಡೆದಿತ್ತು. ಸೈಕಲ್ಲು ಕಪ್ಪು, ತೊಟ್ಟ ನಿಲುವಂಗಿ ಕಪ್ಪು, ಸಂಜೆಯಾದ ಮೇಲೆ ರಸ್ತೆಯೂ ಕಪ್ಪು. ಅದರ ಮೇಲೆ ಎದುರು ಬದಿಯಲ್ಲೇ ನುಗ್ಗುವ ಚಾಳಿ ಬೇರೆ. ಯಾರಾದರೂ ಬುದ್ಧಿ ಹೇಳಿದರೆ, "ನನಗೆ ಅವರು ಕಾಣ್ತಾರಲ್ಲ, ಅವರಿಗೆ ನಾನು ಕಾಣದೇ ಇರೋಕೆ ಅವರ ಕಣ್ಣಿಗೇನು ಬಂದಿದೆ?" ಎನ್ನುತ್ತಿದ್ದ.

ಹಿಂದಿನ ಸಂಜೆ ಒಂದು ಆಟೋದವನಿಗೆ ಅವನು ಕಾಣಲಿಲ್ಲ. ಬಯೂಮಿಗೆ ಮೊಣಕಾಲು ತರಚಿತು, ರೊಟ್ಟಿಗಳು ಬೀದಿಯ ತುಂಬ ಉರುಳಿದವು. ದಾರಿಹೋಕರು ಒಂದೊಂದನ್ನೇ ಎತ್ತಿ, ಮುತ್ತಿಟ್ಟು, ಹಣೆಗೆ ಮುಟ್ಟಿಸಿ, ಯಾರೂ ತುಳಿಯದ ಹಾಗೆ ಗೋಡೆಯ ಪಕ್ಕ ಇಟ್ಟರು. ಅಲ್ಲಿ ಒಂದು ಕುರಿ ಕಟ್ಟಿತ್ತು.

ಬೆಳಿಗ್ಗೆ ಬೇಕರಿಯ ಯಜಮಾನ ಹಾಜಿ ದಸೂಕಿ ಅವನನ್ನು ಕರೆದು ಮುಂದೆ ನಿಲ್ಲಿಸಿಕೊಂಡ.

"ನನ್ನ ರೊಟ್ಟಿ ತಿಂದ ಕುರಿ ಹೆಂಗಿದೆಯಂತಯ್ಯಾ?"

"ಹಾಜಿ, ಆ ಆಟೋದವನು ನೋಡಲೇ ಇಲ್ಲ."

"ಅವನ ಗಾಡಿಗೆ ದೀಪ ಇತ್ತಾ?"

"ಇತ್ತು."

"ನಿನ್ನದಕ್ಕೆ?"

ಬಯೂಮಿ ಮೊಣಕಾಲು ಸವರಿಕೊಂಡ.

"ಕೇಳಿಲ್ಲಿ. ಇವತ್ತು ಸಂಜೆ ಸಾದಿಯಾಳ ಹೋಟೆಲಿಗೆ ಒಂದು ತಡಿಕೆ ಹೋಗಬೇಕು. ನಾನೇ ಅಲ್ಲಿ ಕೂತಿರ್ತೀನಿ. ದಾರಿಯಲ್ಲಿ ಒಂದೇ ಒಂದು ರೊಟ್ಟಿ ನೆಲಕ್ಕೆ ಬಿತ್ತೋ, ನಾಳೆಯಿಂದ ನೀನು ಒಲೆ ಮುಂದೆ. ಸೈಕಲ್ಲು ನನ್ನ ಬಾಮೈದ ಓಡಿಸ್ತಾನೆ."

ಹಿಟ್ಟಿನ ಮೂಟೆಯ ಮೇಲೆ ಕೂತು ಖರ್ಜೂರ ತಿನ್ನುತ್ತಿದ್ದ ಬಾಮೈದ ಸೈಕಲ್ಲಿನ ಕಡೆ ಒಮ್ಮೆ ನೋಡಿ ನಕ್ಕ. ಅದು ಆಗಸ್ಟ್ ತಿಂಗಳು. ಆ ಬೇಕರಿಯ ಒಲೆ ಮುಂದೆ ನಿಂತವನು ಬೆಳಿಗ್ಗೆ ಮನುಷ್ಯನಾಗಿ ಹೋಗಿ ಸಂಜೆ ಸುಟ್ಟ ಬದನೆಕಾಯಿಯಾಗಿ ಬರುತ್ತಿದ್ದ. ಆ ಬೇಸಿಗೆಯಲ್ಲಿ ಬಂದ ಆಳುಗಳೆಲ್ಲ ಹೇಳದೆ ಕೇಳದೆ ಊರಿಗೆ ಓಡಿಹೋಗಿದ್ದರು. ಬಯೂಮಿಗೆ ಓಡಿಹೋಗಲು ಬೇರೆ ಊರೇ ಇರಲಿಲ್ಲ. ಅವನಿಗಿದ್ದ ಸುಖವೆಂದರೆ ಸೈಕಲ್ಲಿನ ಮೇಲೆ ಮುಖಕ್ಕೆ ಬಡಿಯುವ ಗಾಳಿ ಒಂದೇ.

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಗಲ್ಲಿ ಮುಟ್ಟಿತ್ತು. ಮೆಟ್ಟಿಲ ಮೇಲೆ ಶಾಜಲಿ ಚಿಕ್ಕಪ್ಪ ಕಾದು ಕೂತಿದ್ದರು. ಟ್ರಾಫಿಕ್ ಪೊಲೀಸಾಗಿ ನಿವೃತ್ತರಾದವರು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ.

"ಬಾರಪ್ಪಾ. ಇಷ್ಟು ದಿನ ನೀನು ಸೈಕಲ್ ಓಡಿಸಿದ್ದಲ್ಲ, ಕಳ್ಳನ ಹಾಗೆ ನುಸುಳಿದ್ದು. ಇವತ್ತು ಈ ಊರಿನ ಎಲ್ಲ ಗಾಡಿಗಳ ಹಾಗೆ ಬಲಬದಿಯಲ್ಲಿ ಹೋಗ್ತೀಯ. ತಿರುಗೋ ಮುಂಚೆ ಕೈ ತೋರಿಸ್ತೀಯ. ಕೆಂಪು ದೀಪಕ್ಕೆ ನಿಲ್ತೀಯ."

"ಸೈಕಲ್ಲಲ್ಲಿ? ಕೆಂಪು ದೀಪಕ್ಕೆ? ಜನ ಏನಂದ್ಕೊತಾರೆ ಚಿಕ್ಕಪ್ಪಾ?"

"ಜನ ಏನೋ ಅಂದ್ಕೊಳ್ಳಲಿ. ಒಲೆ ಬೇಕೋ ಕೆಂಪು ದೀಪ ಬೇಕೋ?"

ಎದುರು ಮನೆಯ ಕರಮ್ ಅಷ್ಟರಲ್ಲಿ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ. ಮದುವೆಗೆ, ಉರುಸಿಗೆ ದೀಪದ ಸರ ಬಾಡಿಗೆಗೆ ಕೊಡುವುದು ಅವನ ಕಸುಬು. ಬಡಾವಣೆಯಲ್ಲಿ ಆ ವಾರ ಸಂತರ ಉರುಸು ನಡೆದಿದ್ದರಿಂದ ಅವನ ಮನೆಯಲ್ಲಿ ಮಕ್ಕಳು ಮಲಗಲೂ ಜಾಗವಿರಲಿಲ್ಲ, ಎಲ್ಲೆಲ್ಲೂ ಬಲ್ಬು.

"ಒಂದು ಸರ ಮಿಕ್ಕಿದೆ ಅಣ್ಣಾ. ಹಸಿರು, ಬಿಳಿ. ಕಟ್ಟಿಬಿಡ್ತೀನಿ."

"ಒಂದು ಸಣ್ಣ ದೀಪ ಸಾಕು ಕಣೋ."

"ಸಣ್ಣ ದೀಪ ಕೊಟ್ಟರೆ ನನ್ನ ಹೆಸರು ಏನಾಗಬೇಕು?"

ಸಂಜೆಯ ಹೊತ್ತಿಗೆ ಬೇಕರಿಯ ಹಿತ್ತಲಲ್ಲಿ ಕರಮ್ ತಡಿಕೆಯ ನಾಲ್ಕೂ ಅಂಚಿಗೆ ಬಲ್ಬು ಸುತ್ತಿದ, ಹ್ಯಾಂಡಲಿಗೆ ಸುತ್ತಿದ, ಚಕ್ರದ ಕಡ್ಡಿಗಳಿಗೂ ಸುತ್ತಿದ, ಕ್ಯಾರಿಯರಿಗೆ ಬ್ಯಾಟರಿ ಬಿಗಿದ. ಬಯೂಮಿಯ ಹೆಂಡತಿ ನಗಾತ್ ಅವನ ಶುಕ್ರವಾರದ ನಮಾಜಿನ ಬಿಳಿ ನಿಲುವಂಗಿ ಹಿಡಿದು ಬಂದಳು.

"ಅದು ಒಳ್ಳೇ ಬಟ್ಟೆ ಕಣೇ."

"ನೀನು ಒಲೆ ಮುಂದೆ ಹೋದರೆ ಅಲ್ಲಿಯ ಬಿಸಿಯೆಲ್ಲ ರಾತ್ರಿ ಮನೆಗೆ ತಂದು ನನ್ನ ಮೇಲೆ ತೀರಿಸ್ಕೊತೀಯ. ಸುಮ್ಮನೆ ಹಾಕ್ಕೋ."

ಶಾಜಲಿ ಚಿಕ್ಕಪ್ಪ ತಮ್ಮ ಹಳೇ ಡ್ಯೂಟಿಯ ಹೊಳೆಯುವ ಪಟ್ಟಿ ತಂದು ಅವನ ಎದೆಗೆ ಅಡ್ಡಲಾಗಿ ಕಟ್ಟಿದರು. ಕರಮ್ ಗುಂಡಿ ಒತ್ತಿದ. ಹಿತ್ತಲ ಕೋಳಿಗಳು ಬೆಳಗಾಯಿತೆಂದು ಎದ್ದು ಕೂತವು.

"ಈಗ ಕಾಣಿಸಲಿಲ್ಲ ಅಂತ ಯಾವನು ಹೇಳ್ತಾನೋ ನೋಡ್ತೀನಿ," ಎಂದರು ಚಿಕ್ಕಪ್ಪ.

ಬಯೂಮಿ ಮುಖ್ಯರಸ್ತೆಗೆ ಇಳಿದ. ಅಭ್ಯಾಸಬಲದಿಂದ ಸೈಕಲ್ಲು ಎಡಕ್ಕೆ ಎಳೆಯಿತು. ಅವನು ಬಲಕ್ಕೆ ತಿರುಗಿಸಿದ. ಹಿಂದೆ ಒಂದು ಕಾರು ಬಂತು. ಎಂದಿನಂತೆ ಹಾರನ್ನು, ಅದರ ಹಿಂದೆ ತನ್ನ ಅಪ್ಪ ಅಜ್ಜಂದಿರ ಹೆಸರು ಬರುತ್ತದೆಂದು ಬಯೂಮಿ ಕಿವಿ ಗಟ್ಟಿ ಮಾಡಿಕೊಂಡ. ಕಾರು ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಒಳಗಿದ್ದವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದ.

ಬಯೂಮಿಗೆ ನಂಬಲಾಗಲಿಲ್ಲ. ಇಷ್ಟು ವರ್ಷ ಈ ಊರಿನ ಡ್ರೈವರುಗಳನ್ನು ರಾಕ್ಷಸರೆಂದು ತಿಳಿದಿದ್ದನಲ್ಲ, ಪಾಪ, ಅವರಿಗೆ ಕಾಣುತ್ತಿರಲಿಲ್ಲ ಅಷ್ಟೇ.

ಮೊದಲ ಚೌಕದಲ್ಲಿ ಕೆಂಪು ದೀಪ ಬಿತ್ತು. ಬಯೂಮಿ ನಿಂತ. ಒಂದು ಕಾಲು ನೆಲಕ್ಕೆ ಊರಿ, ನೆಟ್ಟಗೆ ಮುಂದೆ ನೋಡುತ್ತ ನಿಂತ. ತಲೆಯ ಮೇಲೆ ತಡಿಕೆ ಇದ್ದವನು ಅತ್ತಿತ್ತ ಕತ್ತು ತಿರುಗಿಸುವ ಹಾಗಿಲ್ಲ. ಪಕ್ಕಕ್ಕೆ ಒಂದು ಬಸ್ಸು ಬಂದು ನಿಂತಿತು. ಅದರ ಕಿಟಕಿಗಳು ಸರಿಯಾಗಿ ತಡಿಕೆಯ ಎತ್ತರಕ್ಕಿದ್ದವು.

"ದೇವರು ನಿನ್ನದನ್ನ ಸ್ವೀಕರಿಸಲಿ ಕಣಪ್ಪಾ," ಎಂದು ಮೇಲಿನಿಂದ ಒಂದು ಅಜ್ಜಿಯ ದನಿ ಬಂತು.

"ನಿಮ್ಮದನ್ನೂ ಸ್ವೀಕರಿಸಲಿ ತಾಯೀ," ಎಂದ ಬಯೂಮಿ, ಮುಂದೆಯೇ ನೋಡುತ್ತ.

"ನಿನ್ನ ಮನೆ ತಣ್ಣಗಿರಲಿ ಮಗನೇ," ಎಂದಿತು ಇನ್ನೊಂದು ದನಿ. ತಡಿಕೆ ಕೊಂಚ ಅಲುಗಿತು. ಬೀಳದ ಹಾಗೆ ಯಾರೋ ಪುಣ್ಯಾತ್ಮರು ಹಿಡಿದುಕೊಳ್ಳುತ್ತಿದ್ದಾರೆ ಎಂದುಕೊಂಡ ಬಯೂಮಿ. ಒಬ್ಬ ಸೈಕಲ್ಲಿನವನು ಕೆಂಪು ದೀಪಕ್ಕೆ ನಿಂತರೆ ಜನ ಇಷ್ಟೊಂದು ಹರಸುತ್ತಾರೆಂದು ಗೊತ್ತಿದ್ದರೆ ಯಾವತ್ತೋ ನಿಂತುಬಿಡುತ್ತಿದ್ದನಲ್ಲ ಎಂದು ಅವನಿಗೆ ನಿಜವಾಗಿಯೂ ಪಶ್ಚಾತ್ತಾಪವಾಯಿತು.

ಎರಡನೆಯ ಚೌಕದಲ್ಲಿ ಪಕ್ಕಕ್ಕೆ ಬಂದದ್ದು ಗಾರೆ ಕೆಲಸದವರು ತುಂಬಿದ ಲಾರಿ. ಅವರು ಇಡೀ ಗುಂಪಾಗಿ ಹರಸಿದರು. ಬಯೂಮಿ ಇಡೀ ಗುಂಪಿಗೆ ಉತ್ತರ ಕೊಟ್ಟ. ಹಸಿರು ದೀಪ ಬಂದ ಮೇಲೂ ಲಾರಿ ಹೊರಡಲಿಲ್ಲ, ಹಿಂದಿನವರೂ ಹಾರನ್ ಮಾಡಲಿಲ್ಲ. ಕೈರೋದಲ್ಲಿ ಇಂಥದ್ದನ್ನು ಅವನು ಕಂಡಿದ್ದೂ ಇಲ್ಲ, ಕೇಳಿದ್ದೂ ಇಲ್ಲ.

ಮುಂದೆ ಎಡಕ್ಕೊಂದು ಗಲ್ಲಿ ಬಂತು. ಎದುರು ಬದಿಯಲ್ಲಿ ನುಗ್ಗಿದರೆ ಉಳಿದ ಸಿಗ್ನಲ್ಲುಗಳೆಲ್ಲ ತಪ್ಪಿ, ನಿಮಿಷದಲ್ಲಿ ಹೋಟೆಲು. ಹಳೆಯ ಬಯೂಮಿಯಾಗಿದ್ದರೆ ಯೋಚಿಸುತ್ತಲೂ ಇರಲಿಲ್ಲ. ಹೊಸ ಬಯೂಮಿ ಗಲ್ಲಿಯ ಕಡೆ ಕಣ್ಣು ಮಾತ್ರ ಹೊರಳಿಸಿ, ತಲೆಯಾಡಿಸದೆಯೇ ಮನಸ್ಸಿನಲ್ಲೇ 'ಇಲ್ಲ' ಎಂದುಕೊಂಡು ನೇರ ಹೋದ. ಪ್ರತಿ ಸಿಗ್ನಲ್ಲಿಗೂ ನಿಂತ. ದಾಟುವವರಿಗೆ ದಾರಿ ಬಿಟ್ಟ. ದಾಟುವವರು ದಾಟುವ ಮುಂಚೆ ಅವನ ಪಕ್ಕ ಬಂದು, ತುದಿಗಾಲಲ್ಲಿ ನಿಂತು, ಹರಸಿ ಹೋದರು.

ಹೋಗುತ್ತ ಹೋಗುತ್ತ ತಲೆ ಹಗುರಾಯಿತು. ಇಷ್ಟು ದಿನ ಕತ್ತು ನೋಯುತ್ತಿದ್ದದ್ದು ರೊಟ್ಟಿಯ ಭಾರಕ್ಕಲ್ಲ, ಯಾವ ಗಾಡಿ ಎಲ್ಲಿಂದ ಗುದ್ದುತ್ತದೋ ಎಂಬ ಭಯಕ್ಕೆ ಎಂದು ಅವನಿಗೆ ಆಗ ಹೊಳೆಯಿತು. ಕೊನೆಯ ಚೌಕ ದಾಟುವಾಗಲಂತೂ ತಲೆಯ ಮೇಲೆ ತಡಿಕೆ ಇದೆಯೋ ಇಲ್ಲವೋ ಎಂದು ಅನುಮಾನ ಬಂದು ಅಂಚನ್ನು ಬಿಗಿಯಾಗಿ ಹಿಡಿದು ನೋಡಿಕೊಂಡ. ತಡಿಕೆ ಇತ್ತು.

ಸಾದಿಯಾಳ ಹೋಟೆಲಿನ ಮುಂದೆ ಹಾಜಿ ದಸೂಕಿ ಟೀ ಕುಡಿಯುತ್ತ ಕೂತಿದ್ದ. ಒಳಗೆ ಬೆಂದ ಕಾಳಿನ ಹಂಡೆ ಕುದಿಯುತ್ತಿತ್ತು. ಬಯೂಮಿ ಬ್ರೇಕು ಹಿಡಿದು, ಕೈ ತೋರಿಸಿ, ಬಲಕ್ಕೆ ಸರಿದು ನಿಂತ.

"ಹಾಜಿ, ಬೇಕಾದರೆ ಬೇಕರಿಯವರೆಗೆ ನಡೆದುಕೊಂಡು ಹೋಗಿ ನೋಡಿ ಬನ್ನಿ. ಒಂದೇ ಒಂದು ರೊಟ್ಟಿ ನೆಲಕ್ಕೆ ಬಿದ್ದಿದ್ದರೆ ನನ್ನ ಮೀಸೆ ಬೋಳಿಸಿ."

ಹೀಗೆ ಹೇಳಿ ಮದುಮಗನಂತೆ ಬೀಗುತ್ತ ತಡಿಕೆ ಇಳಿಸಿದ.

ತಡಿಕೆಯ ಮೇಲೆ ಒಂದು ಹಿಡಿ ಹುರಿಗಡಲೆ ಇತ್ತು. ಪಕ್ಕದಲ್ಲಿ ಒಂದು ಕೂಸಿನ ಟೋಪಿ ಇತ್ತು. ರೊಟ್ಟಿ ಇರಲಿಲ್ಲ.

ಸಾದಿಯಾ ಸೌಟು ಹಿಡಿದು ಹೊರಗೆ ಬಂದಳು. ತಡಿಕೆಯ ಮೇಲೆ ನೋಡಿದಳು, ಕೆಳಗೆ ಬಗ್ಗಿ ನೋಡಿದಳು. "ಟೋಪಿ ಜೊತೆ ಕಾಳು ಬಡಿಸಲಾ ಹಾಜಿ?" ಎಂದಳು.

ಹಾಜಿಯ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತ್ತು. "ಬಯೂಮಿ," ಎಂದ ಅವನು ಬಹಳ ಮೃದುವಾಗಿ. ಅವನು ಮೃದುವಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಬೀದಿಯ ತುದಿಯಿಂದ ಗದ್ದಲ ಬಂತು. ಮುಂದೆ ಒಬ್ಬ ದಪ್ಪ ಹೆಂಗಸು ಮಗುವನ್ನು ಎತ್ತಿಕೊಂಡು ಏದುಸಿರು ಬಿಡುತ್ತಿದ್ದಳು. ಹಿಂದೆ ಬಸ್ಸಿನವರು, ಲಾರಿಯವರು, ದಾರಿ ದಾಟಿದವರು. ಎಲ್ಲರ ಕೈಯಲ್ಲೂ ಒಂದೊಂದು ರೊಟ್ಟಿ.

"ಇವನೇ, ಇವನೇ," ಎಂದಳು ಅವಳು. "ಅಬ್ಬಾ, ಹಿಂದೆ ಬಂದು ಬಂದು ಸಾಕಾಯ್ತು. ರೊಟ್ಟಿ ಸಿಕ್ತಪ್ಪಾ. ಅದಕ್ಕೆ ಹಚ್ಚಿಕೊಳ್ಳೋ ಕಾಳು ಇಲ್ಲೇನಾ ಕೊಡೋದು?"

"ಯಾವ ಕಾಳು? ಯಾವ ರೊಟ್ಟಿ?" ಎಂದ ಹಾಜಿ.

"ಹರಕೆ ರೊಟ್ಟಿ ಯಜಮಾನ್ರೇ. ಉರುಸಿನ ವಾರದಲ್ಲಿ ಹಸಿರು ದೀಪ ಹಚ್ಚಿಕೊಂಡು, ಬಿಳಿ ಬಟ್ಟೆ ಉಟ್ಟು, ರೊಟ್ಟಿ ಹೊತ್ತು ಬಂದರೆ ಇನ್ನೇನು? ಹರಕೆ ಹಂಚೋರನ್ನ ಎಷ್ಟೋ ನೋಡಿದೀನಿ, ಎಲ್ಲ ಅವಸರದೋರು. ಇವನು ನೋಡಿ, ಪ್ರತಿ ಚೌಕದಲ್ಲೂ ನಿಂತು, ಕೈಗೆಟುಕದೋರಿಗೂ ಎಟುಕೋ ಹಾಗೆ ತಾಳ್ಮೆಯಿಂದ ಹಂಚಿದ. ಸಂತರ ಬರಕತ್ತು ತಗಲಲಿ ಅಂತ ಯಾರೋ ಹುರಿಗಡಲೆ ಹಾಕಿದ್ರು, ನಾನು ನನ್ನ ಕೂಸಿನ ಟೋಪಿ ತಡಿಕೆಯಲ್ಲಿ ಹಾಕಿದ್ದೆ. ಇದು ಯಾವ ಪುಣ್ಯಾತ್ಮರ ಹರಕೆ?"

ಎಲ್ಲರೂ ಹಾಜಿಯನ್ನೇ ನೋಡಿದರು. ಗಾರೆಯವನೊಬ್ಬ ಅವನ ಭುಜಕ್ಕೆ ಮುತ್ತಿಟ್ಟ. ಬಸ್ಸಿನ ಅಜ್ಜಿ ಅವನ ಸತ್ತ ತಂದೆತಾಯಿಗೆಲ್ಲ ಸ್ವರ್ಗ ಕೋರಿದಳು. ಹಾಜಿಯ ಹುಬ್ಬು ಇಳಿಯಿತು, ಹೊಟ್ಟೆ ಏರಿತು.

"ಏನೋ... ನನ್ನ ಕೈಲಾದ ಒಂದು ಸಣ್ಣ ಹರಕೆ," ಎಂದ. ಸಾದಿಯಾಳ ಕಡೆ ನೋಡಿ, "ಬಡಿಸಮ್ಮಾ," ಎಂದ.

ಬಯೂಮಿಗೆ ಹೋದ ಜೀವ ಬಂತು. ಬದುಕಿದೆ, ಇನ್ನು ಒಲೆಯ ಮಾತಿಲ್ಲ ಎಂದು ಗೋಡೆಗೆ ಒರಗಿ ಮುಖದ ಬೆವರೊರೆಸಿಕೊಂಡ. ಜನ ಉಂಡು, ಹರಸಿ, "ನಾಳೆಯೂ ಉಂಟಾ ಹಾಜಿ?" ಎಂದು ಕೇಳಿದರು. "ಉರುಸು ಮುಗಿಯೋ ತನಕ ಉಂಟು," ಎಂದು ಹಾಜಿ ಎದ್ದು ನಿಂತು ಸಾರಿದ.

ಗುಂಪು ಚದುರಿದ ಮೇಲೆ ಅವನು ಬಯೂಮಿಯ ಹೆಗಲ ಮೇಲೆ ಕೈ ಹಾಕಿದ.

"ಬಯೂಮಿ, ನೀನು ಇಷ್ಟು ಜವಾಬ್ದಾರಿಯ ಮನುಷ್ಯ ಅಂತ ನನಗೆ ಗೊತ್ತೇ ಇರಲಿಲ್ಲ."

"ಎಲ್ಲಾ ನಿಮ್ಮ ಆಶೀರ್ವಾದ ಹಾಜಿ."

"ನಾಳೆ ಇದರ ಮೂರರಷ್ಟು ರೊಟ್ಟಿ ಆಗಬೇಕು. ಒಲೆ ಮುಂದೆ ಓಡಿಹೋಗದ ಆಳು ಬೇಕು. ನಿನ್ನಷ್ಟು ನಂಬಿಕೆಯೋನು ನನಗೆ ಇನ್ನೊಬ್ಬ ಯಾರಿದ್ದಾನೆ?"

ಬಯೂಮಿ ಸೈಕಲ್ಲಿನ ಕಡೆ ನೋಡಿದ. "ಮತ್ತೆ ಸೈಕಲ್ಲು?"

"ಅದರ ಚಿಂತೆ ಬಿಡು. ಇಷ್ಟು ದೀಪ ಇದ್ದ ಮೇಲೆ ನನ್ನ ಬಾಮೈದ ಓಡಿಸಿದರೂ ಊರಿಗೆಲ್ಲ ಕಾಣುತ್ತೆ." ಹಾಜಿ ಎರಡು ಹೆಜ್ಜೆ ಹೋಗಿ ತಿರುಗಿ ನಿಂತ. "ಹಾಂ, ಆ ಬಿಳಿ ನಿಲುವಂಗಿ ಬಿಚ್ಚಿಕೊಟ್ಟು ಹೋಗು. ಅವನಿಗೆ ಬೇಕಾಗುತ್ತೆ. ಒಲೆ ಮುಂದೆ ನಿನ್ನನ್ನ ಯಾರೂ ನೋಡೋದಿಲ್ಲ."