ಮೈಕಿನೊಳಗಿನ ಕೆಮ್ಮು

ಎಲ್ಲಾ ಶುರುವಾಗಿದ್ದು ಮೈಕಿನ ಸ್ವಿಚ್ ಆರಿಸಲು ಮರೆತದ್ದರಿಂದ. ಬಸ್ ನಿಲ್ದಾಣದ ಅನೌನ್ಸರು ಬೆಳಿಗ್ಗೆ ಎಂಟಕ್ಕೆ, "ಏಳನೇ ನಂಬರಿನ ಬಸ್ಸು ಎರಡನೇ ಪ್ಲಾಟ್‌ಫಾರಂನಿಂದ ಹೊರಡಲಿದೆ" ಎಂದು ಹೇಳಿ ಮುಗಿಸಿ, ಮೂರು ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಕೆಮ್ಮನ್ನು ಮನಸಾರೆ ಕೆಮ್ಮಿದರು. ಹನ್ನೆರಡು ಸ್ಪೀಕರುಗಳೂ ಒಟ್ಟಿಗೆ ಕೆಮ್ಮಿದವು. ಕೆಳಗಿದ್ದ ಜನವೆಲ್ಲ ತಲೆ ಎತ್ತಿ ನೋಡಿದರು.

ಈ ಮನುಷ್ಯ ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಸಾವಿರಾರು ಜನಕ್ಕೆ ಮಾತು ಹೇಳುತ್ತಾ ಬಂದವರು. ತಿರುಗಿ ಅವರಿಗೆ ಮಾತು ಹೇಳಿದವರು ಮಾತ್ರ ಒಬ್ಬರೂ ಇಲ್ಲ. ಇಪ್ಪತ್ತೆರಡು ಮೆಟ್ಟಿಲ ಮೇಲಿನ ಕೋಣೆ, ಒಂದು ಮೈಕು, ಒಂದು ಗಡಿಯಾರ, ಒಂದು ಕುರ್ಚಿ. ಮನೆಗೆ ಹೋದರೂ ಅದೇ ಕತೆ. ಊಟಕ್ಕೆ ಕೂತಾಗ "ಇನ್ನೊಂಚೂರು ಬಡಿಸಲಾ?" ಅಂತ ತಮ್ಮನ್ನು ತಾವೇ ಕೇಳಿಕೊಳ್ಳುವುದೂ ಉಂಟು, ಪಾಪ.

ಕೆಮ್ಮಿ ಐದು ನಿಮಿಷವಾಗಿರಲಿಲ್ಲ, ಯಾರೋ ಬಾಗಿಲು ದಬದಬ ಬಡಿದರು. ಕೆಳಗಿನ ಟೀ ಅಂಗಡಿ ಅಕ್ಕ ಫ್ಲಾಸ್ಕು ಹಿಡಿದು ನಿಂತಿದ್ದಳು.

"ಏನಣ್ಣಾ ಇದು, ಕೆಮ್ಮು ಅಂದ್ರೆ ಕೆಮ್ಮಾ? ನನ್ನ ಲೋಟಗಳೆಲ್ಲ ನಡುಗಿಹೋದ್ವು! ಶುಂಠಿ ಜಜ್ಜಿ ಕುದಿಸಿ ತಂದಿದೀನಿ, ಬಿಸಿಬಿಸಿ ಕುಡೀರಿ."

"ಅಯ್ಯೋ, ನಿಮಗ್ಯಾಕಮ್ಮಾ ತೊಂದ್ರೆ..."

"ತೊಂದ್ರೆ ಗಿಂದ್ರೆ ಆಮೇಲೆ. ಮೊದ್ಲು ಕುಡೀರಿ. ಸಂಜೆ ಆರಕ್ಕೆ ಇನ್ನೊಂದು ಸಲ ತರ್ತೀನಿ."

ಅವಳ ಹಿಂದೆಯೇ, ಹೊರಡಬೇಕಿದ್ದ ಬಸ್ಸನ್ನು ಹಾಗೇ ನಿಲ್ಲಿಸಿ ಏಳನೇ ನಂಬರಿನ ಡ್ರೈವರು ಬಂದ. "ಕುದಿಸಿದ್ರೆ ಸತ್ವ ಎಲ್ಲಿ ಉಳಿಯುತ್ತೆ? ಹಸಿಶುಂಠಿ ರಸ, ಮೇಲೆ ಜೇನುತುಪ್ಪ. ನೆಕ್ಕಿ ಸಾರ್, ಕಫ ಹೆಂಗೆ ಕಿತ್ಕೊಂಡು ಬರುತ್ತೆ ನೋಡಿ!" ಟಿಕೆಟ್ ಕೌಂಟರಿನ ಮೇಡಂ ಇಬ್ಬರನ್ನೂ ಪಕ್ಕಕ್ಕೆ ತಳ್ಳಿ, "ನಿಮ್ಮಿಬ್ರಿಗೂ ಏನೂ ಗೊತ್ತಿಲ್ಲ. ಒಣಶುಂಠಿ ಪುಡಿಗೆ ಮೆಣಸು ಸೇರಿಸ್ಬೇಕು. ನಮ್ಮತ್ತೆ ಉಬ್ಬಸಕ್ಕೆ ಅದನ್ನೇ ತಗೊಳ್ಳೋದು. ಅವರ ವಿಷಯ ಕೇಳ್ತೀರಾ..." ಎಂದು ಅತ್ತೆಯ ಪುರಾಣ ಬಿಚ್ಚಿದರು.

ಮೂವರೂ ಜಗಳಕ್ಕೆ ಬಿದ್ದರು. ಇದ್ದೊಂದು ಕುರ್ಚಿಯಲ್ಲಿ ಡ್ರೈವರು ಕೂತ. ಅನೌನ್ಸರು ಕೈಯಲ್ಲಿ ಲೋಟ, ಬಾಯಲ್ಲಿ ಶುಂಠಿ, ನೆಂಟರು ಬಂದ ಮನೆಯ ಯಜಮಾನನ ಹಾಗೆ ಹಿಗ್ಗಿ ನಿಂತರು. ಈ ಗಲಾಟೆಯಲ್ಲಿ ಹನ್ನೆರಡನೇ ನಂಬರಿನ ಬಸ್ಸು ಹೇಳದೆ ಕೇಳದೆ ಹೊರಟುಹೋಯಿತು. ಬಸ್ಸು ತಪ್ಪಿದ ಪ್ರಯಾಣಿಕರೊಬ್ಬರು ಬೈಯಲು ಮೆಟ್ಟಿಲು ಹತ್ತಿ ಬಂದವರು, ಅನೌನ್ಸರ ಮುಖ ನೋಡಿ ಚೀಲದಿಂದ ಒಂದು ತುಂಡು ಶುಂಠಿ ತೆಗೆದುಕೊಟ್ಟು ಹೋದರು.

ಶುಂಠಿ ಅಂದರೆ ಸುಮ್ಮನೆಯಾ? ಮೂರು ಗಂಟೆಯ ಹೊತ್ತಿಗೆ ಎದೆ ಹಗುರಾಯಿತು, ಗಂಟಲು ತಿಳಿಯಾಯಿತು. ಕೆಮ್ಮು ಹುಡುಕಿದರೂ ಇಲ್ಲ. ಕೆಮ್ಮು ಹೋದರೆ ನಾಳೆ ಈ ಮೆಟ್ಟಿಲು ಯಾರು ಹತ್ತುತ್ತಾರೆ?

ಅವರು ಬೇಕೆಂದೇ ಸ್ವಿಚ್ ಆರಿಸದೆ ಬಿಟ್ಟರು. ಒಂದೊಂದು ಬಸ್ಸಿಗೂ ಒಂದೊಂದು ಕೆಮ್ಮು, ಒಂದಕ್ಕಿಂತ ಒಂದು ಜೋರು. ಐದು ಗಂಟೆಗೆ ಬಂದವರು ಮಾತ್ರ ನಿಲ್ದಾಣದ ಸಾಹೇಬರು.

"ಈ ಸ್ಥಿತೀಲಿ ಯಾಕ್ರೀ ಕಷ್ಟಪಡ್ತೀರಿ? ಒಂದು ತಿಂಗಳು ಮನೇಲಿ ಆರಾಮಾಗಿರಿ. ಗಂಟೆಗಂಟೆಗೂ ಹೋಗೋದು ಅವೇ ಬಸ್ಸು ತಾನೆ? ಮೂರು ಗಂಟೆಯಿಂದ ನೀವು ಹೇಳಿದ್ದೆಲ್ಲ ಹೊಸ ಮಿಷಿನ್ನಿನಲ್ಲಿ ರೆಕಾರ್ಡ್ ಆಗಿದೆ. ಅದೇ ಹೇಳ್ಕೊಂಡು ಹೋಗುತ್ತೆ."

"ಸಾರ್, ನನಗೇನೂ ಆಗಿಲ್ಲ! ಕೆಮ್ಮು ಹೋಯ್ತು ಸಾರ್!"

"ಸುಮ್ನಿರ್ರೀ. ನಿಮ್ಮ ನಿಷ್ಠೆ ನನಗೆ ಗೊತ್ತಿಲ್ವಾ?" ಎಂದು ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಹಿಂದಿನ ಬಾಗಿಲಿಂದ ಇಳಿಸಿ, ಅದಕ್ಕೆ ಬೀಗ ಜಡಿದು, ಜೀಪು ಹತ್ತಿಸಿ ಮನೆಗೆ ಕಳಿಸಿಯೇಬಿಟ್ಟರು.

ಮನೆಯ ನಾಲ್ಕು ಗೋಡೆ ನೋಡುತ್ತಾ ಅನೌನ್ಸರು ಅರ್ಧ ಗಂಟೆ ಕೂತರು. ಆರಕ್ಕೆ ಅಕ್ಕ ಬರುತ್ತಾಳೆ ಅಂತ ನೆನಪಾದದ್ದೇ ಚಪ್ಪಲಿ ಮೆಟ್ಟಿ ಓಡಿದರು. ಮೆಟ್ಟಿಲ ಬುಡದ ಕಂಬಿ ಗೇಟಿನಲ್ಲಿ ಸಂಜೆ ಪಾಳಿಯ ಕಾವಲುಗಾರ ನಿಂತಿದ್ದ. ಅವನು ಇವರ ಮುಖ ಕಂಡವನೇ ಅಲ್ಲ.

"ಮೇಲೆ ಬಿಡಲ್ಲ ಸಾರ್. ಆಗ್ಲೇ ಐದು ಜನ ಹೋಗಿದಾರೆ, ರೋಗಿಗೆ ಸುಸ್ತಾಗುತ್ತೆ."

"ಆ ರೋಗಿ ನಾನೇ ಕಣಪ್ಪಾ! ನಾನೇ ಅನೌನ್ಸರು!"

ತಲೆಯ ಮೇಲೆ ಸ್ಪೀಕರು "ಏಳನೇ ನಂಬರಿನ ಬಸ್ಸು" ಎಂದು ಹೇಳಿ ಖೊಳ್ ಖೊಳ್ ಕೆಮ್ಮಿತು.

"ಹಂಗಾದ್ರೆ ಅಲ್ಲಿ ಕೆಮ್ತಿರೋದು ಯಾರು?"

"ಅದು ಮಿಷಿನ್ನು!"

"ಮಿಷಿನ್ನಿಗೆ ಎಲ್ಲಾದ್ರೂ ಕೆಮ್ಮು ಬರುತ್ತಾ ಸಾರ್?"

ಸಾಬೀತು ಮಾಡಲು ಅನೌನ್ಸರು ಕೆಮ್ಮಿ ತೋರಿಸಿದರು. ದಿನವಿಡೀ ಶುಂಠಿ ಕುಡಿದ ಗಂಟಲು, ಒಂದು ಸಣ್ಣ ಕ್ಷೀಣ ಸದ್ದು ಬಂತು ಅಷ್ಟೆ.

"ಏನ್ ನಾಟಕ ಸಾರ್ ಇದು! ಮೇಲೆ ಪಾಪ, ಒಳ್ಳೆ ಮನುಷ್ಯ ಒಬ್ಬ ನರಳ್ತಿದಾನೆ." ಕಾವಲುಗಾರ ಜೇಬಿನಿಂದ ಕಾಗದದಲ್ಲಿ ಸುತ್ತಿದ ಶುಂಠಿ ತೆಗೆದು, ಗೇಟಿಗೆ ಒಳಗಿನಿಂದ ಬೀಗ ಜಡಿದು ಮೆಟ್ಟಿಲು ಹತ್ತಿದ.

ಅನೌನ್ಸರು ಕಂಬಿ ಹಿಡಿದು "ಅಕ್ಕಾ! ಅಕ್ಕಾ!" ಎಂದು ಕೂಗಿದರು. ಬಸ್ಸುಗಳ ಹಾರನ್ನಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮೇಲೆ ಮುಚ್ಚಿದ ಬಾಗಿಲ ಮುಂದೆ ಅಕ್ಕ, ಡ್ರೈವರು, ಕೌಂಟರಿನ ಮೇಡಂ ಎಲ್ಲರೂ ಸಾಲಾಗಿ ಮೆಟ್ಟಿಲ ಮೇಲೆ ಕೂತಿದ್ದರು. ಅಕ್ಕನ ದೊಡ್ಡ ಗಂಟಲು ಮಾತ್ರ ಕೆಳಗಿನವರೆಗೂ ಕೇಳುತ್ತಿತ್ತು.

"ಎದ್ದು ಬಾಗಿಲು ತೆಗೆಯೋಕೂ ಆಗ್ತಿಲ್ವಾ ಅಣ್ಣಾ? ಪರವಾಗಿಲ್ಲ, ಮಲಗಿರಿ. ನಾವೆಲ್ಲ ಇಲ್ಲೇ ಇರ್ತೀವಿ. ಒಬ್ರೇ ಇದೀನಿ ಅಂತ ಮಾತ್ರ ಅಂದ್ಕೋಬೇಡಿ."

ಮಿಷಿನ್ನು ಇನ್ನೊಮ್ಮೆ ಕೆಮ್ಮಿತು.