ಯಾದಗಿರಿಯಲ್ಲೊಂದು ತುಂಬುತೋಳಿನ ಸ್ವೆಟರ್

ನನ್ನದೊಂದು ದೂರಿದೆ. ನಮ್ಮ ಊರಿಗೆ ಚಳಿ ಸರಿಯಾಗಿ ಬರುವುದಿಲ್ಲ. ಯಾದಗಿರಿಯಲ್ಲಿ ಬಿಸಿಲನ್ನು ಬೈಯುವವರು ಮನೆಗೊಬ್ಬರು ಸಿಗುತ್ತಾರೆ. ಚಳಿ ಬರಲಿಲ್ಲವೆಂದು ದೇವರ ಮುಂದೆ ಊದಿನಕಡ್ಡಿ ಹಚ್ಚಿ ಗೋಳಾಡಿದವಳು ಬಹುಶಃ ನಾನೊಬ್ಬಳೇ. ಕಾರಣ, ನಾನು ನಮ್ಮ ಯಜಮಾನರಿಗೆ ಸ್ವೆಟರ್ ಹೆಣೆಯುತ್ತಿದ್ದೆ.

ಎದುರು ಮನೆಯ ಮಸರತ ತನ್ನ ತವರು ಹೈದರಾಬಾದಿಗೆ ಹೋಗಿಬಂದಾಗ ನನಗೆ ಒಂದು ಜೊತೆ ಹೆಣಿಗೆ ಕಡ್ಡಿ, ಒಂದು ಚೀಲ ನೀಲಿ ಉಲ್ಲನ್ ತಂದುಕೊಟ್ಟಳು. ಹೊಸದನ್ನು ಕಲಿಯುವುದೆಂದರೆ ನನಗೆ ಹುಚ್ಚು. ರಾಮಸಮುದ್ರದ ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲನೆಯವಳು ನಾನೇ. (ಈ ಮಾತು ಹೇಗೋ ಬಂದುಬಿಡುತ್ತದೆ, ತಡೆಯಲಾಗುವುದಿಲ್ಲ.) ಪರೀಕ್ಷೆಗೆ ಓದಿದಷ್ಟೇ ಶ್ರದ್ಧೆಯಿಂದ ಫೋನಿನಲ್ಲಿ ವಿಡಿಯೊ ಹಚ್ಚಿಕೊಂಡು, ಒಂದೊಂದು ಕುಣಿಕೆಗೂ ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ನೋಡಿ ಕಲಿತೆ. ಮೊದಲು ಮೊಬೈಲಿಗೊಂದು ಚೀಲ ಹೆಣೆದೆ. ಆಮೇಲೆ ರಿಮೋಟಿಗೆ, ಮಿಕ್ಸಿಗೆ, ಅತ್ತೆಯ ಎಲೆ-ಅಡಿಕೆ ಡಬ್ಬಿಗೆ. ಮನೆಯಲ್ಲಿ ಅಲುಗಾಡದ ವಸ್ತುಗಳಿಗೆಲ್ಲ ಅಂಗಿ ಬಂದ ಮೇಲೆ ನನ್ನ ಕಣ್ಣು ಅಲುಗಾಡುವವರ ಮೇಲೆ ಬಿತ್ತು.

ಯಜಮಾನರ ಹೆಸರು ಸಂಗಮನಾಥ. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಮನುಷ್ಯ ಒಳ್ಳೆಯವರು, ಆದರೆ ಬಾಯಲ್ಲಿ ಹೊಗಳಿಕೆ ಇಲ್ಲ. ನಾನು ಶೇಂಗಾ ಹೋಳಿಗೆ ಮಾಡಲಿ, ಎಣ್ಣೆಗಾಯಿ ಮಾಡಲಿ, "ನಡೀತದ" ಎನ್ನುತ್ತಾರೆ. ಅದೇ ಅವರು ಕೊಡುವ ಪರಮೋಚ್ಚ ಪ್ರಶಸ್ತಿ. ಆದ್ದರಿಂದ ನಾನೊಂದು ಮಹಾಸಂಕಲ್ಪ ಮಾಡಿದೆ: ಈ ಮನುಷ್ಯ ನಾನು ಹೆಣೆದ ಸ್ವೆಟರನ್ನು ತಾನಾಗಿಯೇ ತೊಟ್ಟು, ತನ್ನ ಬಾಯಾರೆ "ಭಾಳ ಚಲೋ ಅದ" ಎನ್ನಬೇಕು.

"ಚಳಿ ಬರಲಿ, ಹಾಕ್ಕೋತೀನಿ," ಎಂದು ಅವರು ಮಾತು ಕೊಟ್ಟರು. ಚಳಿ ಬರುವುದಿಲ್ಲ ಎಂಬ ಧೈರ್ಯ ಅವರಿಗೆ.

ಅವರ ಅಳತೆ ತೆಗೆಯಲು ಒಂದು ರವಿವಾರ ಮಧ್ಯಾಹ್ನ ಅವರು ಮಲಗುವುದನ್ನೇ ಕಾದೆ. ಎದೆ ಆಯಿತು, ತೋಳು ಆಯಿತು. ಕುತ್ತಿಗೆಗೆ ಉಲ್ಲನ್ ದಾರ ಸುತ್ತಿ ಗಂಟು ಹಾಕುವ ಹೊತ್ತಿಗೆ ನಮ್ಮ ಅತ್ತೆ ಚಂದಮ್ಮನವರು ಬಾಗಿಲಲ್ಲಿ ನಿಂತಿದ್ದರು.

"ಏ ರಂಜನಿ! ನನ್ನ ಮಗನ ಕುತ್ತಿಗಿಗಿ ಏನ್ ಮಾಡಾಕತ್ತೀ?"

"ಅಳತಿ ತಗೊಳಾಕತ್ತೀನ್ರಿ ಅತ್ತಿ."

"ಯಾತರ ಅಳತಿ, ಯವ್ವಾ?"

ವಿವರಿಸಿದ ಮೇಲೂ ಅವರು ಮಗ ಏಳುವ ತನಕ ಹಾಸಿಗೆಯ ಬದಿಯಿಂದ ಕದಲಲಿಲ್ಲ.

ಹೆಣೆದ ಆ ದಿನಗಳು ಮಾತ್ರ ಬಹಳ ಸುಖದವು. ಅಡುಗೆ, ಮುಸುರೆ ಮುಗಿದ ಮೇಲೆ ಪಡಸಾಲೆಯಲ್ಲಿ ನಾವಿಬ್ಬರೂ ಕೂಡುತ್ತಿದ್ದೆವು. ಅತ್ತೆ ಹಳೆ ಸೀರೆ ಹರವಿಕೊಂಡು ಕೌದಿಗೆ ಹೊಲಿಗೆ ಹಾಕುವರು, ನಾನು ಕಡ್ಡಿ ಆಡಿಸುವೆ. ಬೆರಳಿನ ಮೇಲೆ ದಾರ ಮೆತ್ತಗೆ ಜಾರುತ್ತ, ಒಂದು ಕುಣಿಕೆ ಇನ್ನೊಂದರ ಕೈ ಹಿಡಿಯುತ್ತ ತೊಡೆಯ ಮೇಲೆ ನೀಲಿ ಬಟ್ಟೆ ಬೆಳೆಯುವುದನ್ನು ನೋಡುತ್ತಿದ್ದರೆ ಟೀವಿಯೂ ಬೇಡ, ಮಾತೂ ಬೇಡ. (ಮಾತು ಬೇಡವೆಂದದ್ದು ನನ್ನ ಮಟ್ಟಿಗೆ.)

"ನನ್ನ ಸೂಜಿಗಿ ಒಂದ ಕಣ್ಣರ ಅದ," ಅತ್ತೆ ಎನ್ನುವರು. "ನಿನ್ನ ಕಡ್ಡಿಗಿ ಅದೂ ಇಲ್ಲ. ಎಲ್ಲಿ ಹೊಂಟದೋ ಏನೋ."

ಕಡ್ಡಿ ಎಲ್ಲಿಗೆ ಹೊರಟಿತ್ತೆಂದು ಸಂಕ್ರಾಂತಿಯ ಹೊತ್ತಿಗೆ ತಿಳಿಯಿತು. ಒಂದು ನಸುಕು, ಕೊನೆಗೂ, ಚಳಿ ಬಂತು. ಬಾಯಿಂದ ಹೊಗೆ ಬರುತ್ತಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಯಜಮಾನರು ಅದು ನೀರೊಲೆಯ ಹೊಗೆ ಎನ್ನುತ್ತಾರೆ.

"ಚಳಿ ಬಂದದ ರೀ. ಮಾತು ಕೊಟ್ಟೀರಿ."

"ಇದಕ್ಕ ಚಳಿ ಅಂತಾರೇನು?"

"ಕೈ ನೋಡ್ಕೋರಿ, ಕೂದಲ ಎದ್ದ ನಿಂತಾವ."

"ಅವು ಸ್ವೆಟರ್ ನೋಡಿ ಎದ್ದಾವ!"

ಆದರೂ ಕೈ ಎತ್ತಿದರು. ತೋಳುಗಳು ಹೋದವು, ಎದೆ ಹೋಯಿತು. ತಲೆ ಕುತ್ತಿಗೆಯ ಬಾಯಿಗೆ ಬಂದು ನಿಂತುಬಿಟ್ಟಿತು. ಮೇಲೆ ನೋಡಿದರೆ ಒಂದು ಹಿಡಿ ಕೂದಲು ಮಾತ್ರ. ನಾನು ಕೆಳಗೆ ಎಳೆದೆ, ಅವರು ಮೇಲೆ ಎಳೆದರು. ರುಂಡವಿಲ್ಲದ ನೀಲಿ ಮುಂಡವೊಂದು ಪಡಸಾಲೆಯ ತುಂಬ ಓಡಾಡಿ ಕಂಬಕ್ಕೆ ಹಾಯ್ದಿತು. ಸದ್ದಿಗೆ ಮಸರತ ಓಡಿ ಬಂದಳು. ಅತ್ತೆ ಕೌದಿಯ ಕತ್ತರಿ ಹಿಡಿದು ಬಂದರು.

"ಸರಿ ಅತ್ತಾಗ. ಕತ್ತರಿಸ್ತೀನಿ."

"ಕತ್ತರಿ ಬ್ಯಾಡ್ರಿ ಅತ್ತಿ! ಶ್ರಾವಣದಿಂದ ಹೆಣದೀನಿ!"

"ನನ್ನ ಜೀವ ಅದಕ್ಕಿಂತ ಹಳೇದದ!" ಎಂದು ಸ್ವೆಟರಿನ ಒಳಗಿನಿಂದ ದನಿ ಬಂತು.

ಕೊನೆಗೆ ಮಸರತ ಸಂಧಾನಕ್ಕೆ ನಿಂತು, ಕೊಬ್ಬರಿ ಎಣ್ಣೆ ಸವರಿ, ಮೂವರೂ ಸೇರಿ ಸ್ವೆಟರನ್ನು ಮೇಲಕ್ಕೆಳೆದೆವು. ಹೊರಬಂದ ಕಿವಿಗಳು ಟೊಮ್ಯಾಟೊ ಹಣ್ಣಾಗಿದ್ದವು. ಆಗ ನನಗೆ ತಪ್ಪು ಹೊಳೆಯಿತು. ಕುತ್ತಿಗೆಯ ಅಳತೆ ತೆಗೆದು ಅಷ್ಟಕ್ಕೇ ಹೆಣೆದಿದ್ದೆ. ಕುತ್ತಿಗೆಯ ಮೇಲೊಂದು ತಲೆ ಇರುತ್ತದೆ, ಅದೂ ಅಲ್ಲಿಂದಲೇ ಹೊರಬರಬೇಕು ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ.

"ನನಗ ತಲಿ ಅದ ಅನ್ನೋದ ಮರತಿಯಲ್ಲ!"

"ಒಮ್ಮೆರ ಉಪಯೋಗ ಮಾಡಿದ್ದು ನೋಡಿದ್ರ ನೆನಪಿರ್ತಿತ್ತು!"

ಅವರು ಬರಿ ಅಂಗಿಯಲ್ಲೇ ಬೈಕ್ ಹತ್ತಿ ಹೋದರು. ನಾನು ಸಿಟ್ಟಿಗೆ ಸ್ವೆಟರನ್ನು ಟ್ರಂಕಿನ ತಳಕ್ಕೆ ತುರುಕಿದೆ. ಕುತ್ತಿಗೆ ಬಿಚ್ಚಿ ಮತ್ತೆ ಹೆಣೆಯಬಹುದಿತ್ತು. ಆದರೆ ಅಷ್ಟರಲ್ಲಿ ಚಳಿ ಮುಗಿದಿತ್ತು. ಅದು ಬಂದದ್ದೇ ಆ ಒಂದು ನಸುಕು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಅಡುಗೆಮನೆಗೆ ಹೋಗುತ್ತೇನೆ, ಮೂಲೆಯಲ್ಲಿ ನೀಲಿ ಸ್ವೆಟರ್ ತೊಟ್ಟು ಯಾರೋ ಕುಳಿತಿದ್ದಾರೆ! ಹತ್ತಿರ ಹೋಗಿ ನೋಡಿದರೆ ಕುಡಿಯುವ ನೀರಿನ ಮಣ್ಣಿನ ಹರವಿ. ಪ್ರತಿ ವರ್ಷ ಅತ್ತೆ ಅದಕ್ಕೆ ಹಸಿ ಗೋಣಿಚೀಲ ಸುತ್ತುತ್ತಿದ್ದರು. ಈ ಸಲ ನನ್ನ ಸ್ವೆಟರನ್ನು ನೀರಲ್ಲಿ ನೆನೆಸಿ ತೊಡಿಸಿದ್ದರು. ಹೊಟ್ಟೆಗೆ ಹೊಟ್ಟೆ, ಕುತ್ತಿಗೆಗೆ ಕುತ್ತಿಗೆ, ಅಳತೆ ಕೊಟ್ಟು ಹೊಲಿಸಿದಂತಿತ್ತು. ತೋಳೆರಡನ್ನು ಮುಂದೆ ತಂದು ಗಂಟು ಹಾಕಿದ್ದರಿಂದ ಹರವಿ ಕೈಕಟ್ಟಿ ಕೂತಂತೆ ಕಾಣುತ್ತಿತ್ತು.

"ಅತ್ತಿ, ಇದು ನಿಮ್ಮ ಮಗಂದು!"

"ಅವನಿಗಿ ತಲಿ ಅಡ್ಡ ಬರ್ತದ. ಇದಕ್ಕ ತಲಿ ಇಲ್ಲ, ತಕರಾರೂ ಇಲ್ಲ. ನೀರು ಕುಡದು ನೋಡು."

ಕುಡಿದೆ. ಹಲ್ಲು ಜುಮ್ಮೆಂದವು. ಸಿಟ್ಟು ಮಾಡಲು ಬಾಯಿ ತೆರೆದವಳು ಇನ್ನೊಂದು ಲೋಟ ಕುಡಿದೆ. ಮಸರತಳೂ ಕುಡಿದು, "ಅಕ್ಕಾ, ನಮ್ಮ ಹರವಿಗೂ ಒಂದ್ ಹೆಣದ ಕೊಡ್ರಿ, ತೋಳಿಲ್ಲದ್ದಾದ್ರೂ ನಡೀತದ," ಎಂದಳು. ಓಣಿಯ ಇನ್ನೆರಡು ಮನೆಗಳಿಂದಲೂ ಕೇಳಿಕೆಗಳು ಬಂದವು. ಮನುಷ್ಯರು ಒಲ್ಲೆವೆಂದ ನನ್ನ ಕಲೆಗೆ ಗಡಿಗೆಗಳು ಸಾಲುಗಟ್ಟಿದವು. ಆದರೂ ನನ್ನ ಸಂಕಲ್ಪ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ನಾನು ಹಿತ್ತಲಲ್ಲಿ ಹಪ್ಪಳ ತಿರುವಿಹಾಕುತ್ತಿದ್ದೆ. ಪಾಳಿ ಮುಗಿಸಿ ಬಂದ ಯಜಮಾನರು ಅಡುಗೆಮನೆಗೆ ಹೋದದ್ದು ಕಂಡಿತು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಹೂತುಹೋದಂಥ ದನಿ: "ಏ ಇಕಿನ, ಬಾ ಇಲ್ಲಿ!"

ಓಡಿದೆ. ರುಂಡವಿಲ್ಲದ ನೀಲಿ ಮುಂಡ ನೀರು ಸೋರಿಸುತ್ತ ನಿಂತಿತ್ತು. ಹರವಿಯ ಮೈಮೇಲಿನ ಸ್ವೆಟರನ್ನು ಬಿಚ್ಚಿ ತಾವೇ ತೊಡಲು ಹೋಗಿದ್ದರು. ಅತ್ತೆಯ ಕೌದಿಯ ಬುಟ್ಟಿಗೆ ಕೈ ಹಾಕಿ ನಾನೇ ಕತ್ತರಿ ತಂದೆ.

"ಅಲುಗಾಡಬ್ಯಾಡ್ರಿ! ಹೋದ್ರ ಹೋಗಲಿ ಸ್ವೆಟರ್, ಕತ್ತರಿಸ್ತೀನಿ!"

"ಕತ್ತರಿ ಮುಟ್ಟಿದ್ರ ನೋಡು!" ಒಳಗಿನಿಂದ ಗುಡುಗು. "ತೋಳಿನ ಗಂಟ ಬಿಚ್ಚು, ಸಾಕು!"

ಗಂಟು ಬಿಚ್ಚಿದೆ. ಇಷ್ಟು ದಿನ ಹರವಿಯ ಬಾಯಿ ಹಿಗ್ಗಿಸಿದ್ದ ಕುತ್ತಿಗೆಯಿಂದ ತಲೆ ಮೆಲ್ಲಗೆ, ಒಂದು ತಕರಾರೂ ಇಲ್ಲದೆ ಹೊರಬಂತು. ಕಣ್ಣು ಮುಚ್ಚಿತ್ತು. ಮುಖದಲ್ಲಿ ಸಾಕ್ಷಾತ್ ಕೈಲಾಸ.

"ಭಾಳ ಚಲೋ ಅದ," ಎಂದರು.

ಕತ್ತರಿ ಕೆಳಗಿಟ್ಟೆ. ಇನ್ನೊಮ್ಮೆ ಕೇಳುವ ಆಸೆಯಿಂದ, "ಏನು ಚಲೋ ಅದ ರೀ?" ಎಂದೆ.

"ಹರವಿ ನೀರು. ಮೈ ತುಂಬ ತಂಪು."

"ಮತ್ತ ಸ್ವೆಟರು?"

ಒಂದು ಕಣ್ಣು ತೆರೆದು ತೋಳಿನ ಕಡೆ ನೋಡಿಕೊಂಡರು. "ನಡೀತದ."

ಹಿಂದಿನಿಂದ ಅತ್ತೆ ಲೋಟ ಹಿಡಿದು ಬಂದರು. ಒಂದು ಗುಟುಕು ಕುಡಿದು ಮುಖ ಕಿವಿಚಿದರು.

"ನೀರು ಆಗಲೇ ಬೆಚ್ಚಗಾಗಾಕತ್ಯಾವ. ನನ್ನ ಮಗನ್ನ ಅಲ್ಲೇ ಬಿಡು, ಅಂವ ಇನ್ನ ಬಿಚ್ಚಂಗಿಲ್ಲ. ಹರವಿ ಬತ್ತಲಿ ನಿಂತದ, ಕಡ್ಡಿ ತಗೋ ರಂಜನಿ."